ಕ್ಲೆಮ್ ಕಾರಿಗೆ ಬೆಲೆ ಕಟ್ಟಿದ್ದು

ರಗಳೆಯೆಲ್ಲ ಹುಟ್ಟಿದ್ದು ಡೊರೀನಳ ಒಂದು ಮಾತಿನಿಂದ.

"ನಿನ್ನ ಕಾರು ಶೆಡ್ಡಲ್ಲಿ ಬೆಚ್ಚಗೆ ಮಲಗಿರತ್ತೆ. ನನ್ನ ಕಾರಿನ ಮೇಲಿನ ಹಿಮ ಕೆರೆದೂ ಕೆರೆದೂ ನನ್ನ ಬೆರಳು ಸೆಟೆದುಹೋಗ್ತಿವೆ. ಈ ಸಲ ಹಿಮ ಬೀಳೋದ್ರೊಳಗೆ ಅದನ್ನ ಮಾರದಿದ್ರೆ ನೀನೂ ಅದರ ಜೊತೆಗೇ ಮಲಗು!"

ಅವಳ ಗಂಡ ಕ್ಲೆಮ್ ವೋಯ್ಚಿಕ್‌ಗೆ ಅದು ಕಾರಲ್ಲ, ಕರುಳು. ಸಾವಿರದ ಒಂಬೈನೂರ ಅರವತ್ತೊಂಬತ್ತರ ಮಸಲ್ ಕಾರು, ಅಂದರೆ ಭಾರಿ ಇಂಜಿನ್ನಿನ, ಗುಡುಗುವ ಓಟದ ಗಾಡಿ. ಗುಜರಿಗೆ ಬಿದ್ದ ಪೊಲೀಸ್ ಗಾಡಿಯ ಇಂಜಿನ್ನನ್ನು ಅದರ ಹೊಟ್ಟೆಗೆ ಕೂರಿಸಿ, ಹಿಂದಕ್ಕೆ ಅಗಲವಾದ ಚಕ್ರ ಹಾಕಿ, ಕಿತ್ತಳೆ ಬಣ್ಣ ಬಳಿದಿದ್ದ. ಚಾಲೂ ಮಾಡಿದರೆ ಆಚೆ ಬೀದಿಯ ಕಿಟಕಿಗಳೂ ಹಲ್ಲು ಕಡಿಯುತ್ತಿದ್ದವು. ಮಿಷಿಗನ್ನಿನ ಆ ಊರಿನ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಬೇರೆಯವರ ಕಾರಿಗೆ ಬೋಲ್ಟು ಬಿಗಿದವನು ತನ್ನದೆಂದು ಕಟ್ಟಿಕೊಂಡಿದ್ದು ಇದೊಂದೇ.

ಮಾರದೆ ವಿಧಿಯಿಲ್ಲ, ಮಾರಲು ಮನಸ್ಸಿಲ್ಲ. ಶನಿವಾರ ಬೆಳಿಗ್ಗೆ ಕಾರನ್ನು ಮನೆಮುಂದಿನ ಹುಲ್ಲಿನ ಮೇಲೆ ನಿಲ್ಲಿಸಿ, ಗಾಜಿಗೆ 'ಮಾರಾಟಕ್ಕಿದೆ' ಎಂಬ ಫಲಕ ಅಂಟಿಸಿ, ಕೆಳಗೆ ಯಾವ ಹುಚ್ಚನೂ ಕೊಡದ ಬೆಲೆ ಬರೆದ: ಅರವತ್ತು ಸಾವಿರ ಡಾಲರ್. ಹೆಂಡತಿಗೆ ಫಲಕ, ತನಗೆ ಕಾರು!

ಆದರೆ ಆ ಬೀದಿಯಲ್ಲಿ ಗಂಡಸು ಹೆಂಡತಿಯನ್ನಾದರೂ ಬಿಟ್ಟಾನು, ಕೈಯಾರೆ ಕಟ್ಟಿದ ಕಾರನ್ನು ಬಿಡಲಾರ. ಬಿಟ್ಟನೆಂದರೆ ಏನೋ ಅನಾಹುತವಾಗಿದೆ ಎಂದೇ ಅರ್ಥ. ಧಣಿಗಳು ಕಾರ್ಖಾನೆಗೆ ಬೀಗ ಜಡಿದು ಲಾಭ ಹೊತ್ತುಕೊಂಡು ಹೋದ ಮೇಲಂತೂ ಆ ಜನಕ್ಕೆ ಅನಾಹುತದ ವಾಸನೆ ಬೇಗ ಬಡಿಯುತ್ತಿತ್ತು. ಮೊದಲು ಎದುರುಮನೆಯ ಬರ್ನಿಸ್ ಬಂದಳು. ಕೈಯಲ್ಲಿ ಮೀನು, ನೂಡಲ್ಸ್ ಹಾಕಿ ಬೇಯಿಸಿದ್ದು ತುಂಬಿದ ದೊಡ್ಡ ಪಾತ್ರೆ. ಅಲ್ಲಿ ಸಾವಿನ ಮನೆಗೆ ಒಯ್ಯುವ ಅಡುಗೆ ಅದು.

"ಯಾವ ಭಾಗಕ್ಕೆ ಬಂದಿದೆ, ಕ್ಲೆಮ್?"

"ಏನು ಬಂದಿದೆ?"

"ಇರ್ಲಿ ಬಿಡು, ಕ್ಯಾನ್ಸರ್ ಅಂತ ಹೇಳ್ಕೊಳ್ಳೋದು ಕಷ್ಟ" ಎಂದು ಕಣ್ಣೊರೆಸಿಕೊಂಡು ಹೋದಳು.

ಮಧ್ಯಾಹ್ನದ ಹೊತ್ತಿಗೆ ಅಂಥ ಪಾತ್ರೆಗಳಿಂದ ಡೊರೀನಳ ಅಡುಗೆಮನೆ ಮದುವೆ ಮನೆಯಾಯಿತು. ಯೂನಿಯನ್ನಿನ ಮುದಿ ಅಧ್ಯಕ್ಷ ಓಡೆಲ್ ಪ್ರೂಯಿಟ್ ಬಂದು ಕಾರನ್ನೂ ಕ್ಲೆಮ್‌ನನ್ನೂ ಒಂದೇ ಕನಿಕರದಿಂದ ನೋಡಿದ.

"ನಾವೆಲ್ಲ ಸತ್ತುಹೋಗಿದ್ವೇನೋ ತಮ್ಮಾ? ಒಂದು ಮಾತು ಹೇಳಬಾರ್ದಿತ್ತಾ?"

"ನನಗೇನೂ ಆಗಿಲ್ಲ ಅಣ್ಣಾ! ಗುಂಡುಕಲ್ಲಿನ ಹಾಗಿದ್ದೀನಿ!"

"ಮುಷ್ಕರದಲ್ಲಿ ನಿನ್ನ ತಲೆ ಒಡೆದು ರಕ್ತ ಸುರೀತಿದ್ದಾಗ್ಲೂ ಹೀಗೇ ಅಂದಿದ್ದೆ" ಎಂದ ಓಡೆಲ್ ಯೂನಿಯನ್ ಕಚೇರಿಯತ್ತ ಬಿರಬಿರನೆ ನಡೆದ.

ಸಂಜೆಗೆ ಮುಂಚೆ, ಟೈ ಕಟ್ಟಿದ ಅಪರಿಚಿತನೊಬ್ಬ ಬಂದು ಕಾರಿನ ಸುತ್ತ ತಿರುಗಿದ. ಕ್ಲೆಮ್ ಓಡಿಬಂದು ಕಾರಿಗೆ ಅಡ್ಡ ನಿಂತ.

"ಪೆಟ್ರೋಲು ಕುಡುಕನ ಹಾಗೆ ಕುಡಿಯತ್ತೆ ಸ್ವಾಮಿ."

"ಕುಡೀಲಿ."

"ಮಳೆ ಬಂದ್ರೆ ಒಳಗೇ ಕೊಡೆ ಹಿಡೀಬೇಕು."

"ಹಿಡಿಯೋಣ."

"ಬ್ರೇಕು... ಅದಕ್ಕೆ ಮನಸ್ಸಿದ್ರೆ ನಿಲ್ಲತ್ತೆ."

"ನನಗೆ ನಿಲ್ಲೋ ಆತುರ ಇಲ್ಲ."

ಅವನು ಚೌಕಾಸಿಯನ್ನೂ ಮಾಡದೆ ಅರವತ್ತು ಸಾವಿರಕ್ಕೆ ಚೆಕ್ಕು ಬರೆದು ಚಾಚಿದ. ಕ್ಲೆಮ್ ಕೈ ಹಿಂದೆಳೆಯುವಷ್ಟರಲ್ಲಿ ಬೆನ್ನ ಹಿಂದಿನಿಂದ ಡೊರೀನಳ ಕೈ ಮುಂದೆ ಬಂದಿತ್ತು. ಕಾರು ಗುಡುಗುತ್ತ ಹೋಯಿತು. ಕ್ಲೆಮ್, ಹೆಣ ಎತ್ತಿದ ಮನೆಯ ಯಜಮಾನನಂತೆ, ಚಕ್ರದ ಗುರುತು ಬಿದ್ದ ಹುಲ್ಲಿನ ಮೇಲೆ ಕುಸಿದು ಕೂತ.

ಕತ್ತಲಾಗುವ ಮುನ್ನ ಮತ್ತೆ ಅದೇ ಗುಡುಗು! ಕಾರು ವಾಪಸು ಬಂತು. ಒಳಗೆ ಓಡೆಲ್, ಹಿಂದೆ ನಡೆದುಕೊಂಡು ಅರ್ಧ ಬೀದಿ.

"ನೀನು ದಾನ ತಗೊಳ್ಳೋ ಆಸಾಮಿ ಅಲ್ಲ, ಅದಕ್ಕೇ ನನ್ನ ಅಳಿಯಂಗೆ ಟೈ ಕಟ್ಟಿ ಕಳಿಸ್ದೆ" ಎಂದು ಓಡೆಲ್ ಎದೆಯುಬ್ಬಿಸಿದ. "ನಮ್ಮ ಮುಷ್ಕರದ ನಿಧಿ ಸುಮ್ನೆ ಕೊಳೀತಿತ್ತು. ಧಣಿಗಳೇ ಓಡಿಹೋದ ಮೇಲೆ ಯಾರ ಮೇಲಪ್ಪ ಮುಷ್ಕರ? ಎಲ್ಲರೂ ಕೈಯೆತ್ತಿ ಠರಾವು ಮಾಡಿದ್ವಿ. ದುಡ್ಡು ನಿಂದು, ಕಾರು ನಮ್ಮೆಲ್ಲರದು!"

ನಿಜ ಹೇಳಲು ಕ್ಲೆಮ್ ಬಾಯಿ ತೆರೆದ. ಬರ್ನಿಸ್ ಅಪ್ಪಿಕೊಂಡು ಗೊಳೋ ಎಂದಳು. ಇಷ್ಟು ಜನದ ಪ್ರೀತಿಯ ಮುಂದೆ ಸತ್ಯ ಹೇಳಲು ಕಲ್ಲೆದೆ ಬೇಕು. "ದುಡ್ಡು ವಾಪಸ್ ಕೊಡ್ತೀನಣ್ಣಾ..." ಎಂದಷ್ಟೇ ತೊದಲಿದ.

"ಠರಾವು ಅಂದ್ರೆ ಠರಾವು!"

"ಅದ್ಸರಿ, ಇದನ್ನ ಇಡೋದೆಲ್ಲಿ?" ಡೊರೀನ್ ಕೇಳಿದಳು.

"ನಿಮ್ಮ ಶೆಡ್ಡಲ್ಲೇ ತಾಯಿ. ಅದಕ್ಕೂ ಠರಾವಾಗಿದೆ. ರಿಪೇರಿಗೂ ಕ್ಲೆಮ್ಮೇ."

ಡೊರೀನ್ ತನ್ನ ಬೆರಳುಗಳನ್ನು ನೋಡಿಕೊಂಡಳು. ಕ್ಲೆಮ್‌ನ ಮುಖ ಮಾತ್ರ ಅರಳಿತು. "ಹಂಗಾದ್ರೆ ನಾನೂ ಓಡಿಸಬಹುದಲ್ಲಣ್ಣಾ?"

"ಧಾರಾಳವಾಗಿ! ಯೂನಿಯನ್ನಲ್ಲಿ ಎಲ್ಲದಕ್ಕೂ ಹೇಗೋ ಹಾಗೇ. ಕೆಲಸಕ್ಕೆ ಮೊದಲು ಸೇರಿದೋನಿಗೆ ಮೊದಲ ಸರದಿ."

ಕ್ಲೆಮ್ ಸುತ್ತ ನಿಂತ ನರೆತ ತಲೆಗಳನ್ನು ನೋಡಿದ. ಮುಚ್ಚುವ ಮುನ್ನ ಆ ಕಾರ್ಖಾನೆ ಕಟ್ಟಕಡೆಗೆ ಸೇರಿಸಿಕೊಂಡ ಆಳು ಅವನೇ.