ಸಾಹೇಬರ ಪೆನ್ ಡ್ರೈವ್‌ಗೆ ರಿಯಾಯಿತಿ

ಶಾಲೆಗಳ ಕಂಪ್ಯೂಟರ್ ಕಾಯುವ ಕೆಲಸಕ್ಕೆ ಇಳಿದವನಿಗೆ ವೈರಸ್ಸಿನಿಂದ ಆಗುವ ಫಜೀತಿ ಕಡಿಮೆ, ಮರ್ಯಾದಸ್ತರಿಂದ ಆಗುವುದೇ ಹೆಚ್ಚು. ಪೆನ್ ಡ್ರೈವ್ ಆಗಷ್ಟೇ ನಮ್ಮ ಕಡೆ ಕಾಲಿಟ್ಟ ದಿನಗಳಲ್ಲಿ ನಾನು ಬಸ್ಸಿನಲ್ಲಿ ಓಡಾಡಿ ಮೂರು ಊರಿನ ಮೂರು ಶಾಲೆ ನೋಡಿಕೊಳ್ಳುತ್ತಿದ್ದೆ. ನೆನೆದರೆ ಇವತ್ತಿಗೂ ನಗು ಬರುತ್ತದೆ. ಕೊನೆಯದನ್ನು ನೆನೆದರೆ ಮಾತ್ರ ಅರ್ಧಕ್ಕೇ ನಿಲ್ಲುತ್ತದೆ.

ರಾಣೆಬೆನ್ನೂರು

ಪಾಸ್‌ವರ್ಡ್ ತಿಂಗಳಿಗೊಮ್ಮೆ ಬದಲಿಸಿ, ಗುಟ್ಟಾಗಿಡಿ ಎಂದು ಹೆಡ್‌ಮಾಸ್ತರಿಗೆ ಹೇಳಿ ಬಂದಿದ್ದೆ. ಮುಂದಿನ ತಿಂಗಳು ಹೋದರೆ ಠರಾವು ಪುಸ್ತಕ ತೆರೆದು ತೋರಿಸಿದರು. ಸಿಬ್ಬಂದಿ ಸಭೆ ಕರೆದು, ಹೊಸ ಪಾಸ್‌ವರ್ಡ್ ಗಟ್ಟಿಯಾಗಿ ಓದಿ, ಸರ್ವಾನುಮತದಿಂದ ಮಂಜೂರು ಮಾಡಿ, ಹನ್ನೊಂದು ಜನರ ಸಹಿ ಹಾಕಿಸಿದ್ದರು.

"ಗುಟ್ಟಾಗಿ ಇಡ್ರಿ ಅಂದಿದ್ದೆನಲ್ರಿ ಸರ?"

"ಗುಟ್ಟಾಗೇ ಐತಲ್ರಿ. ಯಾರೂ ಹೊರಗ ಹೇಳಬಾರದು ಅಂತ ಎರಡನೇ ಠರಾವು ಮಾಡೇವಿ."

ಹಾವೇರಿ

ಮೂರೂ ಶಾಲೆಗಳಿಗೆ ಒಂದು ಸ್ಕ್ರಿಪ್ಟ್ ಬರೆದಿದ್ದೆ, ಅಂದರೆ ಕಂಪ್ಯೂಟರಿಗೆ ಕೊಟ್ಟ ನಾಲ್ಕು ಸಾಲಿನ ಆಜ್ಞೆ. ಗುರುತಿಲ್ಲದ ಪೆನ್ ಡ್ರೈವ್ ಚುಚ್ಚಿದರೆ "ಇದನ್ನು ನಂಬುವಂತಿಲ್ಲ" ಎಂದು ಪರದೆಯ ಮೇಲೆ ತೋರಿಸಿ ತಡೆಯುತ್ತಿತ್ತು. ತಪಾಸಣೆಗೆ ಬಂದ ಸಾಹೇಬರು ತಮ್ಮದನ್ನು ಚುಚ್ಚಿದರು. ಓದಿ ಮುಖ ಕೆಂಪಗಾಯಿತು.

"ಇಪ್ಪತ್ತು ವರ್ಷ ಸರ್ವಿಸ್ ಆತು. ನನ್ನ ನಂಬೂದಿಲ್ಲೇನ್ರಿ ಇದು?"

ಅಲ್ಲಿನ ಹೆಡ್‌ಮಾಸ್ತರು ನನಗೆ ಫೋನ್ ಹಚ್ಚಿದರು. "ಸಾಹೇಬರಿಗೆ ಏನರ ರಿಯಾಯಿತಿ ಕೊಟ್ಟು ಪುಣ್ಯಾ ಕಟ್ಟಿಕೋರಿ."

ಆಗದು ಎನ್ನಬೇಕಿತ್ತು. ಕೆಲಸ ಕೈತಪ್ಪೀತೆಂದು ಅಂಜಿ, ಆ ಒಂದು ಪೆನ್ ಡ್ರೈವ್ ಬಂದರೆ ಬಿಡು ಎಂದು ಮೂರೂ ಶಾಲೆಗಳಲ್ಲಿ ಐದನೇ ಸಾಲು ಸೇರಿಸಿದೆ. ಅದನ್ನು ಚುಚ್ಚಿದರೆ ಪರದೆಯ ಮೇಲೆ "ಸ್ವಾಗತ" ಎಂದು ಬರುತ್ತಿತ್ತು. ಸಾಹೇಬರು ತೆಗೆದು ತೆಗೆದು ಮೂರು ಸಲ ಸ್ವಾಗತ ಮಾಡಿಸಿಕೊಂಡರಂತೆ.

ಬ್ಯಾಡಗಿ

ಇಲ್ಲಿನ ಗುಮಾಸ್ತರ ನಿವೃತ್ತಿಗೆ ಎರಡೇ ತಿಂಗಳು ಉಳಿದಿತ್ತು. ಗೆದ್ದಲು ತಿಂದ ಹಳೆಯ ದಾಖಲಾತಿ ಪುಸ್ತಕವನ್ನು ಅವರು ಮೂರು ವರ್ಷ ಕೂತು ಒಂದೇ ಬೆರಳಿನಿಂದ ಕಂಪ್ಯೂಟರಿಗೆ ಇಳಿಸಿದ್ದರು. ಹಾಳಾದ ಪುಟಗಳಿಗಾಗಿ ಮೆಣಸಿನಕಾಯಿ ಮಾರ್ಕೆಟ್ಟಿನಲ್ಲಿ ಸೀನುತ್ತ ಅಲೆದು, ಹಮಾಲರ, ಅಂಗಡಿಯವರ ಮನೆಯ ಟ್ರಂಕಿನಿಂದ ಹಳೆಯ ಶಾಲಾ ದಾಖಲೆ ತೆಗೆಸಿ ಹೊಂದಿಸಿದ್ದರು. ಹಾಗೆ ತೆಗೆದುಕೊಟ್ಟವರಲ್ಲಿ ಕೆಲವರು ಆಗಲೇ ತೀರಿಹೋಗಿದ್ದರು.

ಸಾಹೇಬರು ಬಂದರು, ಚುಚ್ಚಿದರು, ಸ್ವಾಗತವಾಯಿತು. ಅವರ ಪೆನ್ ಡ್ರೈವ್‌ನಲ್ಲಿದ್ದ ವೈರಸ್ ಸಂಜೆಯೊಳಗೆ ಎಲ್ಲವನ್ನೂ ಅಳಿಸಿತು.

ಓಡಿಹೋದೆ. "ಅಂಜಬ್ಯಾಡ್ರಿ, ದಿನಾ ನಾಕಕ್ಕ ಇನ್ನೊಂದು ಡಿಸ್ಕಿಗೆ ಕಾಪಿ ಆಗೂ ಹಂಗ ಮಾಡೇನಿ. ಹೊರಗ ಜೋಡಿಸಿದ್ನಲ್ಲ, ಅದೆಲ್ಲೈತ್ರಿ?"

ಗುಮಾಸ್ತರು ಹಿಗ್ಗಿನಿಂದ ತಿಜೋರಿ ತೆರೆದರು. ಡಿಸ್ಕಿಗೆ ಕುಂಕುಮ ಹಚ್ಚಿ ಮಡಿಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದರು. "ನೀವು ಕೊಟ್ಟ ದಿನಾನ ಬಿಚ್ಚಿ ಇಟ್ಟೇನ್ರಿ. ಯಾರೂ ಮುಟ್ಟಿಲ್ಲ."

ಅದರಲ್ಲಿ ಏನೂ ಇರಲಿಲ್ಲ. ಅದು ಕಂಪ್ಯೂಟರಿಗೆ ಅಂಟಿಕೊಂಡೇ ಇರಬೇಕೆಂದು ಬಿಡಿಸಿ ಹೇಳದವನು ನಾನೇ. ಐದನೇ ಸಾಲಿನ ಸಂಗತಿಯನ್ನೂ ಬಾಯಿಬಿಟ್ಟೆ. ತಲೆ ಎತ್ತಲು ನಾಚಿಕೆಯಾಯಿತು.

ಅವರು ಹಳೆಯ ಪುಸ್ತಕ ಎಳೆದುಕೊಂಡು, ಮೊದಲ ಪುಟ ತೆರೆದು, ಅದೇ ಒಂದು ಬೆರಳನ್ನು ಕೀಲಿಮಣೆಯ ಮೇಲಿಟ್ಟರು.

"ಈ ವೈರಸ್ಸಿಗಿಂತ ಗೆದ್ದಲಾನ ಪಾಡರಿ. ಅರ್ಧಾನರ ಬಿಟ್ಟಿತ್ತು. ಅದಕ್ಕ ಯಾರೂ ಸ್ವಾಗತಾನೂ ಹೇಳಿರಲಿಲ್ಲ."