ನಮ್ಮ ಇನಾಸನ ಹಾರ್ಡ್ ರಾಕ್

ಪಕ್ಕದ ಮನೆಯ ರೇಡಿಯೊ ತುಸು ಜೋರಾದರೆ ಸಾಕು, ಎದ್ದುಹೋಗಿ ಕಿಟಕಿ ಮುಚ್ಚುವ ಸ್ವಭಾವ ನನ್ನದು. ಇಂಥ ನಾನು ಒಂದು ಕಾಲಕ್ಕೆ ಹೊನ್ನಾವರದ ಮೊದಲ ಹಾರ್ಡ್ ರಾಕ್ ಬ್ಯಾಂಡಿನಲ್ಲಿ ಡ್ರಮ್ ಬಾರಿಸುತ್ತಿದ್ದೆ ಎಂದರೆ ನನ್ನ ಹೆಂಡತಿಯೇ ನಂಬುವುದಿಲ್ಲ. ಅದೇ ಕೊನೆಯ ಬ್ಯಾಂಡೂ ಆಗಿತ್ತು ಎಂದರೆ ಮಾತ್ರ ತಕ್ಷಣ ನಂಬುತ್ತಾಳೆ.

ಎಪ್ಪತ್ತರ ದಶಕದ ಕೊನೆಯ ಮಾತು. ನಾನಾಗ ಸರಕಾರಿ ಕಚೇರಿಯಲ್ಲಿ ಗುಮಾಸ್ತ. ಎದುರಿಗೇ ನನ್ನ ಗೆಳೆಯ ಇನಾಸನ ರೇಡಿಯೊ ರಿಪೇರಿ ಅಂಗಡಿ. ಭಾನುವಾರ ಅವನು ಇಗರ್ಜಿಯಲ್ಲಿ ಗಿಟಾರು ನುಡಿಸುತ್ತಿದ್ದ. ಒಂದು ದಿನ ಭಟ್ಕಳದ ಇಸ್ಮಾಯಿಲ್ ದುಬೈಯಿಂದ ತಂದ ಟೇಪ್ ರೆಕಾರ್ಡರನ್ನು ರಿಪೇರಿಗೆ ಕೊಟ್ಟ. ಸರಿಯಾಯಿತೇ ಎಂದು ನೋಡಲು ಇನಾಸ ಒಳಗಿದ್ದ ಕ್ಯಾಸೆಟ್ಟನ್ನೇ ಹಾಕಿದ. ಯಾವುದೋ ದೂರದೇಶದ ಹಾರ್ಡ್ ರಾಕ್ ಬ್ಯಾಂಡು. ಗಿಟಾರು ಗುಡುಗಿತು, ಕಿರುಚಿತು, ಅತ್ತಿತು. ರಿಪೇರಿ ಕೆಟ್ಟಿತೆಂದು ನಾನು ಮರುಗಿದೆ. ಇನಾಸ ಸ್ಕ್ರೂಡ್ರೈವರ್ ಕೆಳಗಿಟ್ಟು ಕೂತುಬಿಟ್ಟ.

"ಇದು ನಂಗೆ ಬೇಕೇ ಬೇಕು ಮಾರಾಯ."

"ಎಂತ, ಟೇಪ್ ರೆಕಾರ್ಡರಾ?"

"ಅಲ್ಲ, ಈ ಶಬ್ದ."

ಎಲೆಕ್ಟ್ರಿಕ್ ಗಿಟಾರನ್ನು ನಮ್ಮಲ್ಲಿ ಯಾರೂ ಮುಟ್ಟಿರಲಿಲ್ಲ. ಕ್ಯಾಸೆಟ್ಟಿನ ಹೊದಿಕೆಯ ಮೇಲಿದ್ದ ಪುಟ್ಟ ಚಿತ್ರ ಹಿಡಿದುಕೊಂಡು ಇನಾಸ ದೋಣಿ ಕಟ್ಟುವ ಮಂಜಣ್ಣನಲ್ಲಿಗೆ ಹೋದ. "ಇದು ನೀರಿಗೆ ಬಿಡುದಾ?" ಎಂದು ಕೇಳಿದ ಮಂಜಣ್ಣ, ಅಲ್ಲವೆಂದು ಹೇಳಿದ ಮೇಲೂ ಅಭ್ಯಾಸಬಲದಿಂದ ಒಂದು ಹನಿ ನೀರು ಒಳಗೆ ಹೋಗದಂತೆ ಹಲಸಿನ ಹಲಗೆಯಲ್ಲಿ ಕೆತ್ತಿಕೊಟ್ಟ. ನಾದ ಹಿಡಿಯುವ ಒಳಗಿನ ಸುರುಳಿಯನ್ನು ಇನಾಸ ಕೂದಲಿನಷ್ಟು ತೆಳುವಾದ ತಾಮ್ರದ ತಂತಿಯಿಂದ ಸುತ್ತಿದ. ಮೂರು ಸಲ ಕಡಿಯಿತು. ನಾಲ್ಕನೆಯ ಸಲವೂ ಮೊದಲಿನಿಂದ ಸುತ್ತಿದ.

ಹಾಡಲು ಇಸ್ಮಾಯಿಲ್. ಕಚೇರಿಯ ಮೇಜನ್ನು ಸದಾ ಬೆರಳಿನಿಂದ ಕುಟ್ಟುತ್ತಿದ್ದ ಒಂದೇ ಅರ್ಹತೆಯ ಮೇಲೆ ಡ್ರಮ್ಮಿಗೆ ನಾನು. "ನಂಗೆ ತಾಳ ಬರುದಿಲ್ಲ" ಎಂದೆ. "ಜೋರಾಗಿ ಹೊಡಿ, ಬತ್ತದೆ" ಎಂದ ಇನಾಸ. ಎರಡು ವರ್ಷ ಅಂಗಡಿಯಲ್ಲೂ ಮನೆಯಲ್ಲೂ ಜೋರಾಗಿಯೇ ಹೊಡೆದೆ; ಅಂಗಡಿಯ ಅಭ್ಯಾಸವನ್ನೆಲ್ಲ ಇನಾಸ ಟೇಪಿನಲ್ಲಿ ಹಿಡಿದಿಡುತ್ತಿದ್ದ. ತಾಳ ಮಾತ್ರ ಬರಲಿಲ್ಲ. ನಾನೂ ಬಿಡಲಿಲ್ಲ. "ತಮಾ, ಕಚೇರಿಯಲ್ಲಿ ಯಾರಾದ್ರೂ ಬೈದ್ರಾ?" ಎಂದು ಅಮ್ಮ ಮಾತ್ರ ಆಗಾಗ ಮೆಲ್ಲಗೆ ವಿಚಾರಿಸುತ್ತಿದ್ದಳು.

ಕೊನೆಗೆ ಕುಮಟೆಯ ಯುವಕ ಸಂಘವೊಂದರ ವಾರ್ಷಿಕೋತ್ಸವಕ್ಕೆ ಕರೆ ಬಂತು. ಸಿನಿಮಾ ಹಾಡು ಕೇಳಲು ಬಂದು ಕೂತಿದ್ದ ಜನ ನಮ್ಮ ಮೊದಲ ಹೊಡೆತಕ್ಕೇ ಕಿವಿ ಮುಚ್ಚಿಕೊಂಡರು. ಕಾರ್ಯದರ್ಶಿ ಎದ್ದುನಿಂತು ಸಾಕು ಎಂದು ಕೈಸನ್ನೆ ಮಾಡುವಷ್ಟರಲ್ಲಿ ಕರೆಂಟ್ ಹೋಯಿತು. ಗಿಟಾರಿನ ಗರ್ಜನೆ ಸೊಳ್ಳೆಯ ಗುಂಯ್‌ಗುಟ್ಟುವಿಕೆಯಾಯಿತು.

"ಇಳಿವ ಮಾರಾಯ, ಮರ್ಯಾದೆ ಉಳಿತದೆ" ಎಂದ ಇಸ್ಮಾಯಿಲ್.

"ಹಾಡು ಮುಗಿಲಿಲ್ಲ" ಎಂದ ಇನಾಸ. ನನ್ನ ಕಡೆ ತಿರುಗಿ, "ನೀನು ಹೊಡಿಬೇಡ" ಎಂದ. ಗಿಟಾರು ಹೊತ್ತು ವೇದಿಕೆಯಿಂದಿಳಿದು ಜನರ ನಡುವೆಯೇ ಕೂತು ನುಡಿಸತೊಡಗಿದ. ಮೊದಲು ಮಕ್ಕಳು ಹತ್ತಿರ ಸರಿದರು, ಆಮೇಲೆ ಹೆಂಗಸರು. ಕಿವಿ ಮುಚ್ಚಿಕೊಂಡಿದ್ದ ಅಜ್ಜನೊಬ್ಬ ಈಗ ಕಿವಿಗೆ ಅಂಗೈ ಒಡ್ಡಿ ಬಾಗಿದ. ಕರೆಂಟ್ ಬಂದ ಮೇಲೂ ಅವರು ಅವನನ್ನು ಮೇಲೇಳಲು ಬಿಡಲಿಲ್ಲ. ಒಬ್ಬನೇ ವೇದಿಕೆಯ ಮೇಲೆ ಕೋಲು ಹಿಡಿದು ಕೂತಿದ್ದ ನನಗೆ ಹೊಟ್ಟೆಕಿಚ್ಚೂ ಆಯಿತು, ಕಣ್ಣೂ ತುಂಬಿತು.

ಇಸ್ಮಾಯಿಲ್ ದುಬೈಗೆ ಮರಳಿದ, ಬ್ಯಾಂಡು ಮುಗಿಯಿತು. ಇನಾಸ ಮಾತ್ರ ಅಂದು ಸುತ್ತ ಕೂತಿದ್ದ ಮಕ್ಕಳನ್ನೇ ಶಿಷ್ಯರನ್ನಾಗಿಸಿಕೊಂಡ. ವಾರಕ್ಕೊಮ್ಮೆ ಕುಮಟೆ, ವಾರಕ್ಕೊಮ್ಮೆ ಭಟ್ಕಳ. ಬಸ್ಸಿನಲ್ಲಿ ನಿಂತುಕೊಂಡೇ ಹತ್ತು ವರ್ಷ ಓಡಾಡಿದ. ಈಗ ಹೊನ್ನಾವರವೂ ಸೇರಿ ಈ ಮೂರೂ ಊರುಗಳಲ್ಲಿ ಗಿಟಾರು ಹಿಡಿದವರೆಲ್ಲ ಹೆಚ್ಚುಕಡಿಮೆ ಅವನ ಕೈಯಲ್ಲಿ ಕಲಿತವರೇ.

ಮೊನ್ನೆ ಕುಮಟೆಯ ಮದುವೆಯೊಂದರಲ್ಲಿ ಹುಡುಗಿಯೊಬ್ಬಳು ಅವನಂತೆಯೇ ಕಣ್ಣು ಮುಚ್ಚಿ ನುಡಿಸುತ್ತಿದ್ದಳು. ತಡೆಯಲಾಗಲಿಲ್ಲ. ಹತ್ತಿರ ಹೋಗಿ, "ನಿಮ್ಮ ಇನಾಸ್ ಸರ್ ಬ್ಯಾಂಡಲ್ಲಿ ಡ್ರಮ್ ಹೊಡೀತಿದ್ದವ ನಾನೇ" ಎಂದೆ.

ಅವಳ ಕಣ್ಣರಳಿತು. "ಅಯ್ಯೋ, ನೀವೇನಾ? ನಾವೆಲ್ಲ ಕಲ್ತದ್ದೇ ನಿಮ್ಮ ಟೇಪ್ ಹಾಕ್ಕಂಡು!"

ನನ್ನ ಎದೆ ಉಬ್ಬಿತು. "ಹೌದಾ? ಎಂತ ಹೇಳ್ತಿದ್ದ ಇನಾಸ?"

"ಈ ಡ್ರಮ್ ಕೇಳ್ತಾ ಯಾರು ತಾಳ ತಪ್ಪದೆ ನುಡಿಸ್ತಾರೋ, ಅವ್ರು ಪಾಸ್ ಅಂತ."

ಅಂದಿನಿಂದ ಯಾರಾದರೂ ಇನಾಸನ ಶಿಷ್ಯರನ್ನು ಹೊಗಳಿದರೆ, ಅದರಲ್ಲಿ ನನ್ನ ಪರಿಶ್ರಮವೂ ಇದೆಯೆಂದು ಸಂಕೋಚವಿಲ್ಲದೆ ಹೇಳುತ್ತೇನೆ. ವಿವರ ಮಾತ್ರ ಹೇಳುವುದಿಲ್ಲ.