ಬಿಸಿಯಾದರೆ ಹೊರಡದ ಲೋಡರ್

ದೇವದಾಸ: ಗೇರ್‌ಬಾಕ್ಸ್ ಹೋಗಿದೆ ಅಂತ ನಾನು ಹೇಳಿಯಾಯ್ತಲ್ಲ ರೊಸಾರಿಯೊ ಅವರೇ. ನೀವು ಬಿಚ್ಚಿ, ಸಾಕು.

ರೊಸಾರಿಯೊ: ಹೋಗಿದೆ ಅಂತ ನಿಮಗೆ ಹೇಳಿದ್ದು ಯಾರು?

ದೇವದಾಸ: ನಿಟ್ಟೆಯಲ್ಲಿ ಇಂಜಿನಿಯರಿಂಗ್ ಕಲಿಯುವ ನಮ್ಮ ಅಕ್ಕನ ಮಗ ಹರ್ಷಿತ್. ಫೋನಿನಲ್ಲಿ ಶಬ್ದ ಕೇಳಿಯೇ ಹೇಳಿದ.

ರೊಸಾರಿಯೊ: ಎಂತ ಕಲಿಯುವುದು ಅವನು?

ದೇವದಾಸ: ಬಯೋಟೆಕ್ನಾಲಜಿ.

ಕಾರ್ಕಳದಿಂದ ಬಂದಿದ್ದ ಮೆಕ್ಯಾನಿಕ್ ರೊಸಾರಿಯೊ ಸ್ಪ್ಯಾನರನ್ನು ಚೀಲದೊಳಗೆ ಹಾಕಿದರು. ಕಟಪಾಡಿಯ ಹೆದ್ದಾರಿ ಬದಿಯ ಅಂಗಳದಲ್ಲಿ ದೇವದಾಸರ ಮಣ್ಣೆತ್ತುವ ಹಳದಿ ಲೋಡರ್ ಮೂರು ದಿನದಿಂದ ಮುಷ್ಕರ ಹೂಡಿತ್ತು. ಬೆಳಿಗ್ಗೆ ಸರಿಯಾಗಿ ಓಡುತ್ತದೆ; ಬಿಸಿಯಾದ ಮೇಲೆ ಗೇರ್ ಹಾಕಿದರೆ ಬೊಬ್ಬೆ ಹೊಡೆಯುತ್ತದೆಯೇ ಹೊರತು ಒಂದಂಗುಲ ಜರುಗುವುದಿಲ್ಲ. ಇವತ್ತು ಮಧ್ಯಾಹ್ನದೊಳಗೆ ಅದು ಕೆಮ್ಮಣ್ಣಿನ ಹೊಳೆದಂಡೆಯ ಕೆಲಸಕ್ಕೆ ತಲುಪದಿದ್ದರೆ ಕಂತ್ರಾಟುದಾರ ಬೇರೆಯವರ ಮೆಷಿನ್ ತರಿಸುವವನಿದ್ದ. ಈ ವರ್ಷ ದೇವದಾಸರ ಕೈಯಲ್ಲಿದ್ದ ಕೆಲಸ ಅದೊಂದೇ. ಆದರೂ ಅವರ ಗತ್ತು ಮಾತ್ರ ಇಳಿದಿರಲಿಲ್ಲ.

ರೊಸಾರಿಯೊ: ಗೇರ್‌ಬಾಕ್ಸಿನ ಎಣ್ಣೆ ನೋಡಿದ್ದೀರಾ?

ದೇವದಾಸ: ಎಂತ ಮಾತು ಮಾರಾಯ್ರೆ. ದಿನಾ ಸ್ನಾನ ಮಾಡಿ, ಸ್ಟೇರಿಂಗಿಗೆ ಊದುಬತ್ತಿ ತೋರಿಸಿ, ಆಮೇಲೆ ನಾನೇ ಗೇಜ್ ಕಡ್ಡಿ ಎಳೆದು ನೋಡುತ್ತೇನೆ. ಫುಲ್ ಉಂಟು.

ರೊಸಾರಿಯೊ: ಇಂಜಿನ್ ಓಡುತ್ತಿರುವಾಗ?

ದೇವದಾಸ: ಓಡುವಾಗ ಯಾರಾದರೂ ಎಣ್ಣೆ ನೋಡುತ್ತಾರಾ? ಹಾಗೆ ನೋಡುತ್ತಿದ್ದ ಒಬ್ಬನನ್ನು ಹೋದ ತಿಂಗಳು ನಾನೇ ಮನೆಗೆ ಕಳಿಸಿದ್ದು.

ರೊಸಾರಿಯೊ: ಯಾರನ್ನು, ಆಪರೇಟರ್ ಶೀನನನ್ನಾ?

ದೇವದಾಸ: ಅವನನ್ನೇ. ದಿನಾ ಬೆಳಿಗ್ಗೆ ಇಂಜಿನ್ ಚಾಲೂ ಮಾಡಿ ಸುಮ್ಮನೆ ಕಾಯುವುದು, ಆಮೇಲೆ ಕಡ್ಡಿ ನೋಡುವುದು. ಡೀಸೆಲ್ ಎಂತ ಅವನ ಅಜ್ಜನ ಮನೆಯದ್ದಾ? ನನ್ನ ಕಾರಿನ ಎಣ್ಣೆ ನಾನು ಇಂಜಿನ್ ಆಫ್ ಮಾಡಿಯೇ ನೋಡುವುದು.

ರೊಸಾರಿಯೊ: ಇದು ಕಾರಲ್ಲ ದೇವದಾಸಣ್ಣ, ಪವರ್‌ಶಿಫ್ಟ್. ಇದರಲ್ಲಿ ಗೇರ್ ಹಿಡಿಯುವುದೇ ಎಣ್ಣೆಯ ಒತ್ತಡದಿಂದ. ಇಂಜಿನ್ ನಿಂತರೆ ಮೇಲಿದ್ದ ಎಣ್ಣೆಯೆಲ್ಲ ಕೆಳಗಿಳಿಯುತ್ತದೆ, ಕಡ್ಡಿಯಲ್ಲಿ ಫುಲ್ ಕಾಣುತ್ತದೆ. ನೀವು ದಿನಾ ಊದುಬತ್ತಿ ಹಿಡಿದು ನೋಡಿದ್ದು ಸುಳ್ಳು.

ದೇವದಾಸ: ಊದುಬತ್ತಿಯ ಸುದ್ದಿಗೆ ಬರಬೇಡಿ.

ಇಂಜಿನ್ ಚಾಲೂ ಆಯಿತು. ಬಿಸಿಯಾಗುವ ತನಕ ಇಬ್ಬರೂ ಮುಖ ತಿರುಗಿಸಿ ಕುಳಿತರು. ಆಮೇಲೆ ನ್ಯೂಟ್ರಲ್‌ನಲ್ಲಿಟ್ಟು ರೊಸಾರಿಯೊ ಕಡ್ಡಿ ಎಳೆದರು. ಅದು ಒಣಗಿಕೊಂಡೇ ಬಂತು. ತುದಿಯಲ್ಲಿ ಮಾತ್ರ ಒಂದಿಷ್ಟು ಜಿಡ್ಡು.

ರೊಸಾರಿಯೊ: ಕೂಲರಿನ ಪೈಪಿನ ಹತ್ತಿರ ಸೋರುತ್ತಾ ಉಂಟು. ಉಳಿದ ಒಂದಿಷ್ಟು ಎಣ್ಣೆ ಬಿಸಿಯಾಗಿ ತೆಳುವಾದರೆ ಗೇರ್ ಹಿಡಿಯಲಿಕ್ಕೆ ಒತ್ತಡ ಸಾಲುವುದಿಲ್ಲ. ನೆಲದಲ್ಲಿ ಎಣ್ಣೆ ಕಾಣಲಿಲ್ವಾ ನಿಮಗೆ?

ದೇವದಾಸ: ಕಂಡಿತ್ತು. ಪಕ್ಕದ ಲಾರಿಯದ್ದು ಅಂತ ಅದರ ಡ್ರೈವರಿಗೆ ಬೈದೂ ಆಗಿದೆ.

ಇಂಜಿನ್ ನಿಲ್ಲಿಸಿ ಪೈಪು ಬಿಗಿ ಮಾಡಿದ್ದಾಯಿತು, ಎಣ್ಣೆ ತುಂಬಿದ್ದಾಯಿತು. ಮತ್ತೆ ಚಾಲೂ ಮಾಡಿ ಗೇರ್ ಹಾಕಿದಾಗ ಲೋಡರ್ ತುಟಿಪಿಟಕ್ಕೆನ್ನದೆ ಮುಂದಕ್ಕೆ ಹೋಯಿತು.

ರೊಸಾರಿಯೊ: ಪುಣ್ಯಕ್ಕೆ ಎಣ್ಣೆ ಸುಟ್ಟ ವಾಸನೆ ಇಲ್ಲ. ಇನ್ನೆರಡು ದಿನ ಹೀಗೇ ಓಡಿಸಿದ್ದರೆ ನಿಮ್ಮ ಬಯೋಟೆಕ್ನಾಲಜಿಯ ಮಾತು ನಿಜವಾಗುತ್ತಿತ್ತು.

ಶೀನನ ನೆನಪಾಗಿ ದೇವದಾಸರಿಗೆ ನಾಚಿಕೆಯಾಯಿತು. ಆದರೆ ನಾಚಿಕೊಂಡು ಕೂರುವಷ್ಟು ಸಮಯವಿರಲಿಲ್ಲ, ಗಂಟೆ ಹನ್ನೊಂದೂವರೆ. ಅವಸರದಲ್ಲಿ ಕೆಮ್ಮಣ್ಣಿಗೆ ಫೋನ್ ಮಾಡಿದರು. ಎತ್ತಿದ್ದು ಕಂತ್ರಾಟುದಾರನಲ್ಲ.

ಶೀನ: ನಮಸ್ಕಾರ ಧಣಿಗಳೇ.

ದೇವದಾಸ: ಶೀನನಾ? ನೀನು ಅಲ್ಲಿ ಎಂತ ಮಾಡುವುದು?

ಶೀನ: ಇಲ್ಲಿಯ ಮೆಷಿನ್‌ಗಳನ್ನು ಈಗ ನಾನೇ ನೋಡಿಕೊಳ್ಳುವುದು. ಯಾವುದು ಬೇಕು, ಯಾವುದು ಬೇಡ ಅಂತ ಹೇಳುವುದೂ ನಾನೇ.

ದೇವದಾಸ: (ಸ್ವರ ತಗ್ಗಿಸಿ) ಲೋಡರ್ ಸರಿಯಾಯ್ತು ಶೀನ. ಈಗಲೇ ಹೊರಡುತ್ತೇನೆ. ಬೇರೆಯವರ ಮೆಷಿನಿಗೆ ಹೇಳಬೇಡ ಆಯ್ತಾ.

ಶೀನ: ಅದು ಒಳ್ಳೆಯ ಮೆಷಿನ್, ನನಗೆ ಗೊತ್ತುಂಟಲ್ಲ. ತನ್ನಿ. ಓಡಿಸುವುದು ಯಾರು?

ದೇವದಾಸ: ಈಗ ನಾನೇ.



ಶೀನ: ಗೇಟಿನ ತನಕ ತಂದು, ಕೀ ನನ್ನ ಕೈಗೆ ಕೊಟ್ಟು, ನೀವು ಬಸ್ಸಿನಲ್ಲಿ ಮನೆಗೆ ಹೋಗಿ ಧಣಿಗಳೇ. ಬೇಸರ ಮಾಡಬೇಡಿ, ಮೆಷಿನ್ ಇಲ್ಲಿರಲಿ, ನಿಮ್ಮನ್ನು ಮಾತ್ರ ಕೆಲಸಕ್ಕೆ ಇಟ್ಟುಕೊಳ್ಳಲಿಕ್ಕೆ ಆಗುವುದಿಲ್ಲ.